ಕೀಬೋರ್ಡಿನ ಮೇಲಿನ ಬೊಟ್ಟುಗಳು

ಸಕ್ಕರೆ ಕಾಯಿಲೆಗೆ ಕಣ್ಣು ಹೋದ ಮೇಲೆ ನಮ್ಮ ಯಜಮಾನರು ಒಬ್ಬರೇ ಮಾಡಿಕೊಳ್ಳುತ್ತಿದ್ದ ಕೆಲಸವೆಂದರೆ ಪೇಪರ್ ಓದುವುದೊಂದೇ. ಸ್ನಾನಕ್ಕೆ ನೀರು ಬೆರೆಸುವುದು, ಇನ್ಸುಲಿನ್ ಚುಚ್ಚುವುದು, ತಟ್ಟೆಯಲ್ಲಿ ಮುದ್ದೆ ಎಲ್ಲಿದೆ ಎಂದು ಕೈ ಹಿಡಿದು ತೋರಿಸುವುದು, ಎಲ್ಲ ನನ್ನ ಪಾಲು. ಪೇಪರ್ ಮಾತ್ರ ಅವರದು. ಲ್ಯಾಪ್‌ಟಾಪ್ ಓದಿ ಹೇಳುತ್ತಿತ್ತು, ಅವರು ಕೇಳುತ್ತಿದ್ದರು.

ಜಾವಗಲ್ಲಿನಲ್ಲಿ ಮೇಷ್ಟ್ರಾಗಿದ್ದವರು. ಲ್ಯಾಪ್‌ಟಾಪಿನ ಹೆಣ್ಣುದನಿ ಒತ್ತಕ್ಷರ ತಪ್ಪಿದಾಗಲೆಲ್ಲ “ಬೆಂಚ್ ಮೇಲೆ ನಿಂತ್ಕೊಳ್ಳೇ!” ಎಂದು ಗದರುವರು. ಒಲೆಯ ಮುಂದೆ ನಾನು ನಗುತ್ತಿದ್ದೆ.

ಕಣ್ಣು ಮಂಜಾಗತೊಡಗಿದಾಗಲೇ ಕೀಗಳ ಮೇಲೆ ನನ್ನ ಸ್ಟಿಕ್ಕರ್ ಬೊಟ್ಟುಗಳನ್ನು ಅಂಟಿಸಿಕೊಟ್ಟಿದ್ದೆ. ಓದಿಸುವುದಕ್ಕೆ ಕಲ್ಲಿನ ಬೊಟ್ಟು, ನಿಲ್ಲಿಸುವುದಕ್ಕೆ ದುಂಡನೆಯದು, ಮುಂದಿನ ಸುದ್ದಿಗೆ ಉದ್ದನೆಯದು. ಅಷ್ಟು ಬೆರಳಿಗೆ ಹತ್ತಲು ಒಂದು ಬೇಸಿಗೆ ಹಿಡಿಯಿತು.

ಈಚೆಗೊಂದು ದಿನ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರಿಪೇರಿ ಅಂಗಡಿಗೆ ಒಯ್ದೆ.

“ಒಳಗಿನ ವಿಂಡೋಸ್ ಕೆಟ್ಟೋಗೈತೆ ಕಣಕ್ಕ. ಹೊಸಾದನ್ನ ಈ ಮಿಷನ್ ತಡ್ಕಳಲ್ಲ. ಅದರ ಬದ್ಲು ಲಿನಕ್ಸ್ ಅಂತ ಬ್ಯಾರೇದು ಹಾಕ್ಕೊಡ್ತೀನಿ,” ಎಂದ ಅಂಗಡಿಯವನು.

“ಅದು ಪೇಪರ್ ಓದುತ್ತೇನಪ್ಪ?”

“ಓದ್ದೆ ಇನ್ನೇನು! ಎಲ್ಲಾ ಒಂದೇ ತಗಳಿ.”

ಮನೆಗೆ ತಂದಾಗ ಬೊಟ್ಟುಗಳು ಇದ್ದಲ್ಲೇ ಇದ್ದವು. ಅದನ್ನೇ ನಂಬಿ ಅವರ ಮುಂದೆ ತೆರೆದಿಟ್ಟು ಸೊಪ್ಪು ತರಲು ಹೋದೆ. ಬಂದು ನೋಡಿದರೆ ಸದ್ದೇ ಇಲ್ಲ. ಕಲ್ಲಿನ ಬೊಟ್ಟಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

“ಯೋಚ್ನೆ ಮಾಡ್ತಿದೆ ಅನ್ಸುತ್ತೆ ಕಣೇ. ಕಾಯ್ತಿದೀನಿ.”

ಅದೇನೂ ಯೋಚಿಸುತ್ತಿರಲಿಲ್ಲ. ಆ ಕೀ ಒತ್ತಿದರೆ ಈಗ ದನಿಯೇ ಅಡಗುತ್ತಿತ್ತು. ನಾನು ಹೇಗೋ ದನಿ ಬರಿಸಿದೆ. ತೆಂಗಿನ ಚಿಪ್ಪು ಕೆರೆದಂಥ ಗಂಡುದನಿ, ಒಂದೇ ಓಟ.

“ಇದು ಕನ್ನಡವೇನೇ?” ಎಂದರು.

ಆಮೇಲೆ ದಿನವೂ ಇದೇ ಆಯಿತು. ಮುಂದಿನ ಸುದ್ದಿಗೆಂದು ಉದ್ದನೆಯ ಬೊಟ್ಟು ಒತ್ತಿದರೆ ಪೇಪರೇ ಮುಚ್ಚಿಹೋಗುವುದು. “ಏನಾಯ್ತೇ ಇದು?” ಎಂದು ಕೂಗುವರು. ಹಿಟ್ಟಿನ ಕೈಯಲ್ಲೇ ಓಡುವೆ. ಕೆಲವು ದಿನಕ್ಕೆ ಕೂಗುವುದನ್ನೂ ಬಿಟ್ಟರು. ಮುಚ್ಚಿಹೋದ ಪೇಪರಿನ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಕೂಗಿದ್ದೇ ಎಷ್ಟೋ ವಾಸಿಯಾಗಿತ್ತು.

ಮತ್ತೆ ಅಂಗಡಿಗೆ ಹೋಗಿ ನಮ್ಮ ಮೇಷ್ಟ್ರ ಪಾಡು ಹೇಳಿದೆ. “ಹಳೇದನ್ನೇ ಹಾಕ್ಕೊಡಪ್ಪ.”

“ಅದನ್ನ ಅಳಿಸಿಬಿಟ್ಟೆನಲ್ಲಕ್ಕ. ಅದಿನ್ನು ಸಿಗಲ್ಲ. ಕೀ ಎಲ್ಲಾ ಬ್ಯಾರೆ ಆಗ್ತವೆ, ಹೊಸದಾಗಿ ಕಲಿಸಿ. ಮೇಷ್ಟ್ರಲ್ವಾ, ಕಲೀತಾರೆ.”

ಮನೆಗೆ ಬಂದು ಅದನ್ನೇ ಹೇಳಿದೆ. “ಬೊಟ್ಟು ಬೇರೆ ಕಡೆ ಅಂಟಿಸ್ತೀನಿ ರೀ. ಮೊದಲಿಂದ ಕಲಿಯೋಣ.”

ಅವರು ಬೊಟ್ಟುಗಳ ಮೇಲೆ ಬೆರಳಾಡಿಸಿದರು. ಆಮೇಲೆ, “ಆಗ ಕಲಿಯುವಾಗ ಚೂರು ಕಾಣ್ತಿತ್ತು ಕಣೇ,” ಎಂದರು. “ತಪ್ಪಿದ್ರೆ ಬಗ್ಗಿ ನೋಡ್ಕೋತಿದ್ದೆ. ಈಗ ಎಲ್ಲಿ ತಪ್ಪಿದೆ ಅಂತ್ಲೇ ಗೊತ್ತಾಗಲ್ಲ. ಕಿತ್ತುಬಿಡು ಅವನ್ನ. ಬೆರಳಿಗೆ ಸಿಕ್ಕಿ ಸುಮ್ನೆ ಆಸೆ ತೋರಿಸ್ತವೆ.”

ಒಂದೊಂದಾಗಿ ಉಗುರಿನಿಂದ ಎಬ್ಬಿಸಿದೆ. ಕಲ್ಲಿನದು ಬರಲಿಲ್ಲ. ಕಲ್ಲು ಉದುರಿ ಅಂಟು ಮಾತ್ರ ಉಳಿಯಿತು.

ಈಗ ಪೇಪರ್ ಮನೆಗೆ ಹಾಕಿಸುತ್ತೇನೆ. ಬೆಳಿಗ್ಗೆ ತಿಂಡಿ ಮುಗಿಸಿ ಪಕ್ಕದಲ್ಲಿ ಕೂತು ಓದುತ್ತೇನೆ. ಮೊದಲಾದರೆ ಬೇಡದ್ದನ್ನು ಟಕ್ಕನೆ ಹಾರಿಸಿ ಮುಂದಕ್ಕೆ ಹೋಗುತ್ತಿದ್ದವರು. ಈಗ ಕೊಬ್ಬರಿ ಧಾರಣೆ, ಟೆಂಡರ್ ಜಾಹೀರಾತು, ಏನು ಓದಿದರೂ ಕೇಳಿಸಿಕೊಳ್ಳುತ್ತಾರೆ. ಬೇಕು ಎನ್ನುವುದಿಲ್ಲ, ಸಾಕು ಎನ್ನುವುದಿಲ್ಲ. ನಿನ್ನೆ ಬೇಕೆಂದೇ ಒಂದು ಹೆಸರನ್ನು ಒತ್ತಕ್ಷರ ನುಂಗಿ ತಪ್ಪು ತಪ್ಪಾಗಿ ಓದಿದೆ. ಗದರುತ್ತಾರೇನೋ ಎಂದು ಕಾದೆ. ಗದರಲಿಲ್ಲ. ಮುಂದಿನ ಸಾಲಿಗೆ ಹೋದೆ.