ಕುಣಿಗಲ್ಲಿನಲ್ಲಿ ಉಳಿದ ಏಳನೇ ಡಬ್ಬಿ

ಗುಬ್ಬಿಯಲ್ಲಿ ಅರವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ, ಆ ಕಪ್ಪು ಬಿಳುಪು ಯುದ್ಧದ ಸಿನಿಮಾದಲ್ಲಿ ಬೇಹುಗಾರ ಯಾರು ಎಂದು ಕೇಳಿ. ‘ಡಾಕ್ಟ್ರು’ ಎನ್ನುತ್ತಾರೆ. ಸಿನಿಮಾದ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಡಾಕ್ಟರೇ ಕಳ್ಳ ಎಂಬುದರಲ್ಲಿ ಎರಡು ಮಾತಿಲ್ಲ. ಮೂವತ್ತು ವರ್ಷ ಟೀಚರಾಗಿ ನಾನು ಹೇಳಿಕೊಟ್ಟ ಒಂದು ಪಾಠವೂ ಈ ಊರಿನವರ ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿಲ್ಲ. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಇದೆ.

ಅದನ್ನು ಅವರ ತಲೆಗೆ ತುಂಬಿದವರು ನಮ್ಮ ಪಕ್ಕದ ಮನೆಯ ಚಿಕ್ಕಬೋರಯ್ಯ. ಈಗ ಎಪ್ಪತ್ತಾರು ವರ್ಷ. ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ನಿವೃತ್ತರಾದರು. ಅದಕ್ಕೂ ಮುಂಚೆ, ಹುಡುಗುಪ್ರಾಯದಲ್ಲಿ, ಮಹಾಲಿಂಗಯ್ಯ ಎಂಬವರ ಟೆಂಟ್ ಸಿನಿಮಾದಲ್ಲಿ ಕೆಲಸ. ಇಂಗ್ಲಿಷ್ ಸಿನಿಮಾ ಬಂದರೆ ಪರದೆಯ ಪಕ್ಕ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳಬೇಕು. ಇವರಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಯಸ್, ನೋ, ಥ್ಯಾಂಕ್ಯೂ. ಮಿಕ್ಕಿದ್ದೆಲ್ಲ ಮುಖ ನೋಡಿ ಹೇಳುವುದು.

ಐವತ್ತೆರಡು ವರ್ಷದ ಹಿಂದೆ ಆ ಸಿನಿಮಾ ಬಂತು. ಯುದ್ಧಕಾಲ, ಸಮುದ್ರದ ದಡದ ಒಂದು ಊರು. ಹಡಗು ಯಾವಾಗ ಹೊರಡುತ್ತದೆ ಎಂದು ಯಾರೋ ಶತ್ರುಗಳಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ, ಹಡಗುಗಳು ಮುಳುಗುತ್ತಿವೆ. ಟೋಪಿ ಹಾಕಿದ ಪತ್ತೇದಾರ ಬಂದು ಮನೆ ಮನೆ ವಿಚಾರಿಸುತ್ತಾನೆ. ಒಬ್ಬ ಡಾಕ್ಟರು, ಒಬ್ಬ ಹೋಟೆಲಿನವನು, ಬಂದವರಿಗೆಲ್ಲ ಟೀ ಕೊಡುವ ಒಬ್ಬಳು ಮುದುಕಿ. ಮೊದಲನೇ ದಿನ ಆರನೇ ರೀಲು ಮುಗಿದಾಗ ನೋಡಿದರೆ ಏಳನೇ ಡಬ್ಬಿಯೇ ಇಲ್ಲ. ಹಿಂದಿನ ವಾರ ಕುಣಿಗಲ್ಲಿನಲ್ಲಿ ಆಡಿದ ಸಿನಿಮಾ ಅದು. ಕೊನೆಯ ಡಬ್ಬಿ ಅಲ್ಲಿನ ಟೆಂಟಿನಲ್ಲೇ ಉಳಿದುಬಿಟ್ಟಿತ್ತು.

ಜನ ಗಲಾಟೆ ಶುರು ಮಾಡಿದರು. ಮಹಾಲಿಂಗಯ್ಯ ಪರದೆಗೆ ಬರೀ ಲೈಟು ಬಿಟ್ಟು, ಏನಾದರೂ ಹೇಳಿ ಮುಗಿಸು ಎಂದು ಸನ್ನೆ ಮಾಡಿದರು. ಬೇಹುಗಾರ ಯಾರು ಎಂದು ಚಿಕ್ಕಬೋರಯ್ಯನಿಗೆ ಹೇಗೆ ಗೊತ್ತಾಗಬೇಕು? ಮೈಕು ಹಿಡಿದು ಬೆವರುತ್ತಿದ್ದಾಗ ನೆಲದ ಮೇಲೆ ಕೂತಿದ್ದ ಒಬ್ಬ ಹೆಂಗಸು ಹೇಳಿದಳು: “ಆ ಡಾಕ್ಟ್ರೇ ಇರ್ಬೇಕು ಕಣಪ್ಪ. ಮನೆಗ್ ಬಂದೋರ್ನ ಬಾಗ್ಲಲ್ಲೇ ನಿಲ್ಸಿ ಮಾತಾಡಿ ಕಳಿಸ್ದ. ಒಳಕ್ ಬನ್ನಿ ಅನ್ಲಿಲ್ಲ, ಒಂದ್ ಲೋಟ ನೀರು ಕೊಡ್ಲಿಲ್ಲ.”

ಇಡೀ ಟೆಂಟು ಹೌದು ಹೌದು ಎಂದಿತು. ನಮ್ಮ ಕಡೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಚಿಕ್ಕಬೋರಯ್ಯ ಮೈಕಿನಲ್ಲೇ ಡಾಕ್ಟರನ್ನು ಅಟ್ಟಿಸಿಕೊಂಡು ಹೋದರು. ಖಾಲಿ ಡಬ್ಬಿ ಬಡಿದು ಗುಂಡು ಹಾರಿಸಿದರು, ಸೀಟಿ ಊದಿ ಪೊಲೀಸರನ್ನು ಕರೆಸಿದರು, ಕೊನೆಗೆ ಡಾಕ್ಟರನ್ನು ಲೈಟ್‌ಹೌಸ್ ಹತ್ತಿಸಿ ಸಮುದ್ರಕ್ಕೆ ಬೀಳಿಸಿದರು. ಮಾರನೇ ದಿನ ಹಾಗಲವಾಡಿಯಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬಂದರು.

ಮೂರನೇ ದಿನ ಬಸ್ಸಿನಲ್ಲಿ ಡಬ್ಬಿ ಬಂತು. ಮಹಾಲಿಂಗಯ್ಯ ಅದರ ಮೇಲೆ ಕೂತುಬಿಟ್ಟರು. “ಇದ್ರ ಮುಚ್ಚಳ ತೆಗೀಬ್ಯಾಡ ಕಣ್ಲಾ ಬೋರ. ಒಳಗೆ ಬ್ಯಾರೆ ಯಾರಾದ್ರೂ ಸಿಕ್ಕಾಕೊಂಡ್ರೆ ಜನ ಟೆಂಟಿಗೆ ಬೆಂಕಿ ಇಕ್ತಾರೆ.” ಡಬ್ಬಿ ಹಾಗೇ ವಾಪಸ್ಸು ಹೋಯಿತು.

ಎರಡು ವರ್ಷದ ನಂತರ ಚಿಕ್ಕಬೋರಯ್ಯ ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದರು. ಏನು ಕೆಲಸ ಎಂದು ಮಾವನಾಗುವವರು ಕೇಳಿದರೆ, ಇವರು ಆ ಸಿನಿಮಾ ಪೂರ್ತಿ ಹೇಳಿ ತೋರಿಸಿದರು. ಡಾಕ್ಟರು ಸಮುದ್ರಕ್ಕೆ ಬಿದ್ದಾಗ ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಜೋರಾಗಿ ನಕ್ಕಳಂತೆ. ಆ ಹುಡುಗಿಯೇ ನರಸಮ್ಮ. “ಆ ನಗು ಕೇಳೇ ಒಪ್ಕೊಂಡೆ” ಎಂದು ಚಿಕ್ಕಬೋರಯ್ಯ ಊರಿಗೆಲ್ಲ ಹೇಳಿಕೊಂಡಿದ್ದಾರೆ. ಅಂದಿನಿಂದ ಮದುವೆ, ನಾಮಕರಣ, ಮಂಡಿಯ ಬಿಡುವು ಎಲ್ಲ ಕಡೆ ಇದೇ ಕಥೆ.

ಇಲ್ಲಿ ಅಧಿಕಪ್ರಸಂಗ ಮಾಡಿದವಳು ನಾನು. ನನ್ನ ಹಳೆಯ ವಿದ್ಯಾರ್ಥಿನಿ ಸುಮನಾ ತುಮಕೂರಿನಲ್ಲಿ ಲೆಕ್ಚರರ್. ಗೆಳೆಯರನ್ನು ಸೇರಿಸಿಕೊಂಡು ಭಾನುವಾರ ಹಳೆಯ ಸಿನಿಮಾ ತೋರಿಸುತ್ತಾಳೆ. ಅವಳಿಗೆ ಈ ಕಥೆ ಹೇಳಿದೆ. ಹೆಸರು ಗೊತ್ತಿಲ್ಲದಿದ್ದರೂ ಕಥೆಯ ಗುರುತು ಹಿಡಿದು, ತಿಂಗಳಾಗುವುದರಲ್ಲಿ ಅದೇ ಸಿನಿಮಾ ಹುಡುಕಿ ಫೋನ್ ಮಾಡಿದಳು. “ಸಿಕ್ತು ಮೇಡಂ. ಕೊನೆವರೆಗೂ ಪೂರ್ತಿ ಇದೆ. ತಾತನ್ನೇ ಚೀಫ್ ಗೆಸ್ಟ್ ಮಾಡೋಣ.” ಸುದ್ದಿ ತಿಳಿದು, ಬಸ್ ಕಂಡಕ್ಟರ್ ಆಗಿ ರಿಟೈರಾದ ರಂಗರಾಜು ಗುಬ್ಬಿಯಿಂದ ಒಂದು ಮಿನಿ ಬಸ್ಸನ್ನೇ ಗೊತ್ತುಮಾಡಿದರು.

ಸಂತೋಷಪಡುತ್ತಾರೆ ಅಂದುಕೊಂಡು ಹೇಳಲು ಹೋದರೆ ಚಿಕ್ಕಬೋರಯ್ಯನ ಮುಖ ಬಿಳಿಚಿಕೊಂಡಿತು. ನನ್ನನ್ನು ಕಾಂಪೌಂಡಿನ ಮೂಲೆಗೆ ಕರೆದು, ಬಾರದ ಡಬ್ಬಿಯ ಸಂಗತಿಯನ್ನೆಲ್ಲ ಒಪ್ಪಿಸಿದರು. ಅವತ್ತು ಟೆಂಟಿನಲ್ಲಿದ್ದವರೂ ಅದನ್ನು ಮರೆತೇಬಿಟ್ಟಿದ್ದರು.

“ಊರೋರು ಬೈಕೊಳ್ಳಿ ಮೇಡಮ್ಮೋರೆ, ತಡ್ಕೊತೀನಿ. ನರಸಿಗೆ ಏನಂತ ಹೇಳ್ಲಿ? ಆ ಕಥೆ ನಂಬ್ಕೊಂಡೇ ನನ್ನ ಕೈ ಹಿಡಿದ್ಲು.”

“ಹಾಗಾದ್ರೆ ಹುಷಾರಿಲ್ಲ ಅಂತ ಹೇಳಿ ಉಳ್ಕೊಳ್ಳಿ.”

ಅವರು ತಲೆ ಅಲ್ಲಾಡಿಸಿದರು. “ಹೋಗ್ದಿದ್ರೆ ಕಳ್ಳ ಯಾರು ಅಂತ ನಂಗೆ ಸಾಯೋಗಂಟ ಗೊತ್ತಾಗಲ್ವಲ್ಲ.”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ತುಮಕೂರಿನ ಸಭಾಂಗಣದಲ್ಲಿ ಸಿನಿಮಾ ಶುರುವಾಯಿತು. ನನ್ನ ಪಕ್ಕ ನರಸಮ್ಮ, ಅವರ ಪಕ್ಕ ಚಿಕ್ಕಬೋರಯ್ಯ. ಡಾಕ್ಟರು ಪತ್ತೇದಾರನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಾಗ ಗುಬ್ಬಿಯ ಮೂರು ಸಾಲು ಒಟ್ಟಿಗೆ ಹಲ್ಲು ಕಡಿಯಿತು. ಒಂದು ಗಂಟೆ ಕಳೆಯಿತು. ಚಿಕ್ಕಬೋರಯ್ಯ ಇದ್ದಕ್ಕಿದ್ದಂತೆ ಎದ್ದರು. ಅವತ್ತು ಅವರು ನೋಡಿದ್ದು ಅಲ್ಲಿಗೆ ಮುಗಿದಿತ್ತು.

“ಒಂದಕ್ ಹೋಗ್ಬತ್ತೀನಿ” ಎಂದರು.

ನರಸಮ್ಮ ಅವರ ಪಂಚೆಯ ಚುಂಗು ಹಿಡಿದರು. “ಕೂತ್ಕೊಳ್ಳಿ. ಈಗ ಆ ಮುದುಕಿ ಸಾಸರ್ ತಿರುಗಿಸ್ತಾಳೆ, ನೋಡಿ.”

ಆಗ ಪರದೆಯ ಮೇಲೆ ಮುದುಕಿ ಇರಲೇ ಇಲ್ಲ. ಆಮೇಲೆ ಬಂದಳು. ಒಬ್ಬ ನಾವಿಕನಿಗೆ ಟೀ ಕೊಟ್ಟಳು, ಅವನು ಹೋದ ಮೇಲೆ ಸಾಸರ್ ತಿರುಗಿಸಿದಳು. ತಳದಲ್ಲಿ ಅಂಟಿಸಿದ ಚೀಟಿ, ಅದರ ಮೇಲೆ ಹಡಗು ಹೊರಡುವ ಹೊತ್ತು. ಸಭಾಂಗಣದಲ್ಲಿ ಎಲ್ಲರೂ ಮುದುಕಿಯನ್ನು ನೋಡುತ್ತಿದ್ದರು. ಚಿಕ್ಕಬೋರಯ್ಯ ಮಾತ್ರ ಹೆಂಡತಿಯನ್ನು ನೋಡುತ್ತಿದ್ದರು.

ಲೈಟು ಹಾಕಿದ ಕೂಡಲೇ ರಂಗರಾಜು ಎದ್ದು ನಿಂತರು. “ಇವ್ರು ಕೊನೆ ರೀಲು ಬದಲಾಯ್ಸವ್ರೆ. ಡಾಕ್ಟ್ರು ಸಮುದ್ರಕ್ ಬಿದ್ದಿದ್ದು ನಾನು ಕಣ್ಣಾರೆ ಕಂಡಿದೀನಿ.” ಇನ್ನೂ ನಾಲ್ಕೈದು ಜನ ಕಂಡಿದ್ದರು. ಒಬ್ಬರಿಗೆ ನೀರಿನ ಮೇಲೆ ಟೋಪಿ ತೇಲಿದ್ದೂ ನೆನಪಿತ್ತು. ಸುಮನಾ ಗಾಬರಿಯಾಗಿ ನನ್ನ ಕಡೆ ನೋಡಿದಳು.

ಚಿಕ್ಕಬೋರಯ್ಯ ನಿಧಾನವಾಗಿ ಹೋಗಿ ಮೈಕು ಹಿಡಿದರು. “ಅವತ್ತು ಕೊನೇ ಡಬ್ಬಿ ಬಂದಿರ್ಲಿಲ್ಲ. ಪರದೆ ಮ್ಯಾಲೆ ಏನೂ ಇರ್ಲಿಲ್ಲ, ಬರೀ ಬೆಳಕು. ಪಾಪ, ಡಾಕ್ಟ್ರು ಏನೂ ಮಾಡಿರ್ಲಿಲ್ಲ. ನಾನೇ ಸುಳ್ಳು ಹೇಳ್ದೆ. ತಪ್ಪಾಯ್ತು.” ಕೈ ಮುಗಿದರು.

ರಂಗರಾಜು ಅವರನ್ನು ಮೃದುವಾಗಿ ಹಿಡಿದು ಕುರ್ಚಿಗೆ ಕರೆತಂದರು. “ವಯಸ್ಸಾಯ್ತು, ಮರೆವು ಬಂದದೆ” ಎಂದು ಎಲ್ಲರಿಗೂ ತಿಳಿಸಿದರು. ವಾಪಸ್ಸು ಬರುವಾಗ ಮಿನಿ ಬಸ್ಸಿನಲ್ಲಿ ಚರ್ಚೆಯಾದದ್ದು ಒಂದೇ ವಿಷಯ, ಒಳ್ಳೆ ಸಿನಿಮಾಗಳನ್ನು ಈಗಿನವರು ಹೇಗೆ ಕೆಡಿಸುತ್ತಿದ್ದಾರೆ ಎಂದು.

ಮನೆ ಮುಟ್ಟಿದ ಮೇಲೆ ನರಸಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸುವವರಲ್ಲ. ಒಳಗೆ ಕೂರಿಸಿ ಕಾಫಿಗಿಟ್ಟರು. ಚಿಕ್ಕಬೋರಯ್ಯ ಹೆಂಡತಿಯನ್ನು ಕೇಳಿದರು: “ಯಾವಾಗ ನೋಡಿದ್ದೆ?”

“ನಿಮ್ಮೂರಿಗೆ ಬರೋ ಹಿಂದಿನ್ ವಾರ, ಕುಣಿಗಲ್‌ನಲ್ಲಿ. ನಮ್ಮಣ್ಣನ ಜೊತೆ, ಎರಡು ಸಲ.”

“ಮತ್ತೆ ಹೆಣ್ ನೋಡಕ್ ಬಂದಾಗ ನಕ್ಕಿದ್ದು?”

“ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳ್ತಿದ್ರಲ್ಲ, ಅದಕ್ಕೆ.”

“ಐವತ್ ವರ್ಷ ಒಂದ್ ಮಾತು ಆಡ್ಲಿಲ್ವಲ್ಲೇ.”

“ಆಡಿದ್ರೆ ನೀವು ಕಥೆ ಹೇಳೋದೇ ನಿಲ್ಸ್‌ಬುಡ್ತಿದ್ರಿ.” ನರಸಮ್ಮ ಲೋಟ ಅವರ ಕೈಗಿಟ್ಟರು. “ಆ ಮುದುಕಿನ ಸುಮ್ನೆ ಜೀಪ್ ಹತ್ತಿಸ್ಕೊಂಡ್ ಹೋಗ್ತಾರೆ, ಏನ್ ಚಂದ ಅದ್ರಲ್ಲಿ? ನಂಗೆ ನಿಮ್ಮ ಡಾಕ್ಟ್ರು ಸಮುದ್ರಕ್ ಬೀಳೋದೇ ಇಷ್ಟ.”

ಚಿಕ್ಕಬೋರಯ್ಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ತಳವನ್ನು ಚೆನ್ನಾಗಿ ನೋಡಿದರು. ಆಮೇಲೆ ನನಗೆ ಹೇಳಿದರು: “ಬೇಹುಗಾರ್ತಿ ಮನೇಲೇ ಅವ್ಳೆ ಮೇಡಮ್ಮೋರೆ. ನಾನು ಸಮುದ್ರದಲ್ಲಿ ಹುಡುಕ್ತಿದ್ದೆ.”

“ಕುಡೀರಿ, ಆರೋಗ್ತದೆ” ಎಂದರು ನರಸಮ್ಮ.