ಅಕ್ಕನ ಉಸಿರಿಗೆಂದು ತರಿಸಿದ ಯಂತ್ರ

ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಕಸುಬು. ಹಾಗಾಗಿ ಓಣಿಯವರ ಬಾಯಲ್ಲಿ ಅವನು ರಟ್ಟಣ್ಣ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಈಗ ಅವಳ ಶ್ವಾಸಕೋಶ ಸೋತಿತ್ತು. "ಮನೇಲಿ ಆಕ್ಸಿಜನ್ ಮೆಷಿನ್ ಇದ್ದರೆ ನಾಳೆ ಸಂಜೆ ಕಳಿಸ್ತೀನಿ" ಎಂದಿದ್ದರು ಡಾಕ್ಟರು.

ಮೆಷಿನ್ ಬಂತು. ಡಬ್ಬದ ಒಂದು ಮೂಲೆ ಜಜ್ಜಿಹೋಗಿತ್ತು.

"ಡಬ್ಬ ಅಷ್ಟೇ ಸಾರ್, ಒಳಗೆ ಏನೂ ಆಗಿರಲ್ಲ. ಬೇಗ ಸೈನ್ ಹಾಕಿ" ಎಂದು ತಂದವನು ಅವಸರಪಡಿಸಿದ. ರಟ್ಟಣ್ಣ ಗೀಚಿಬಿಟ್ಟ.

ಬಿಚ್ಚಿದರೆ ಮೈಯೆಲ್ಲ ಬಿರುಕು. ಸ್ವಿಚ್ ಹಾಕಿದ್ದೇ ತಡ, ಎರಡು ನಿಮಿಷ ಗುಂಯ್‌ಗುಟ್ಟಿ, ಕೆಂಪು ದೀಪ ಹತ್ತಿ ಕಿರುಚತೊಡಗಿತು. ಅವನು ತಟ್ಟನೆ ಸ್ವಿಚ್ ಆರಿಸಿದ. ಅಂಗಡಿಗೆ ಫೋನ್ ಮಾಡಿದ.

"ಸೈನ್ ಹಾಕಿದ್ದೀರಲ್ಲ! ರಿಪೇರಿಗೆ ಕಳಿಸಿ, ಹದಿನೈದು ದಿನ ಆಗುತ್ತೆ."

"ಅಲ್ಲೀವರೆಗೂ ನಮ್ಮಕ್ಕ ಉಸಿರು ಬಿಗಿಹಿಡಿದು ಕೂತಿರಬೇಕಾ?"

ಆ ಕಡೆಯವನು ಫೋನ್ ಇಟ್ಟ.

ಆಸ್ಪತ್ರೆಯಲ್ಲಿ ನಗುಮುಖ ಮಾಡಲು ನೋಡಿದ. ಅಕ್ಕ ಮೂಗಿನ ನಳಿಕೆ ಸರಿಸಿಕೊಂಡು, "ನನ್ನ ಹತ್ರ ನಾಟಕ ಬೇಡ. ಏನಾಯ್ತೋ?" ಎಂದಳು. ಹೇಳಿಬಿಟ್ಟ. ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವಳು ಅವಳು. "ಫೋನಲ್ಲಿ ಗೋಗರೆದರೆ ಯಾರು ಕೇಳ್ತಾರೆ? ಒಡೆದ ಮೆಷಿನ್ನಿನ ಫೋಟೋ ಅಂಟಿಸಿ ದೂರು ಬರೆದು ಕೊಡು. ನಿನ್ನ ಪ್ರತಿಗೆ ಸೀಲ್ ಬೀಳೋ ತನಕ ಅಲ್ಲಿಂದ ಕದಲಬೇಡ" ಎಂದು ಒಂದೊಂದು ಮಾತಿಗೂ ಏದುಸಿರು ಬಿಟ್ಟಳು.

ಅಂಗಡಿಯಲ್ಲಿ ರಟ್ಟಣ್ಣ ಕಾಗದವನ್ನು ಮೇಜಿನ ಮೇಲಿಟ್ಟ. ಮ್ಯಾನೇಜರು ಓದದೆಯೇ ಪಕ್ಕಕ್ಕೆ ತಳ್ಳಿದ.

"ಒಡೆದ ಮಾಲು ಕೊಟ್ಟಿದ್ದೀರಿ. ಬೇರೆ ಮೆಷಿನ್ ಕೊಡಿ. ಇಲ್ಲಾಂದ್ರೆ ಇದೇ ಕಾಗದ ಗ್ರಾಹಕರ ಕೋರ್ಟಿಗೆ ಹೋಗುತ್ತೆ." ಇಷ್ಟು ಜೋರು ದನಿ ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕೊಳ್ಳಲು ಬಂದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರು ಗಂಟುಮುಖದಲ್ಲೇ ಸೀಲ್ ಒತ್ತಿದ. "ಬೆಳಿಗ್ಗೆ ಬರುತ್ತೆ, ಹೋಗಿ."

ಬೆಳಿಗ್ಗೆ ಬರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ರಟ್ಟಣ್ಣ ಒಂದೇ ಪುಸ್ತಕಕ್ಕೆ ಎರಡು ಸಲ ತಲೆಕೆಳಗಾಗಿ ರಟ್ಟು ಅಂಟಿಸಿ, ಎರಡು ಸಲವೂ ಕಿತ್ತ. ಗಾಡಿಯ ಸದ್ದಾದಾಗಲೆಲ್ಲ ಬಾಗಿಲಿಗೆ ಓಡಿದ. ಅಂತೂ ಮೂರು ಗಂಟೆಗೆ ಡಬ್ಬ ಬಂತು.

"ಸೈನ್ ಸಾರ್."

"ತಾಳಪ್ಪಾ. ಮೊದಲು ಓಡಲಿ."

"ನನಗೆ ಲೇಟಾಗುತ್ತೆ!"

"ಆಗಲಿ. ಕೂತ್ಕೋ, ನೀರು ಕೊಡ್ತೀನಿ."

ಅರ್ಧ ಗಂಟೆ ಕಳೆದರೂ ಹಸಿರು ದೀಪ ಆರಲಿಲ್ಲ. ಆಮೇಲೆಯೇ ಅವನು ಪೆನ್ನು ಮುಟ್ಟಿದ್ದು.

ಸಂಜೆ ಅಕ್ಕ ಮನೆಗೆ ಬಂದಳು. ಅವನು ಮಂಚದ ಪಕ್ಕ ಕುಕ್ಕರುಬಡಿದು ದೀಪವನ್ನೇ ನೋಡುತ್ತಿದ್ದ.

"ಹಾಗೆ ದುರುಗುಟ್ಟಬೇಡ್ವೋ, ಅದಕ್ಕೆ ದೃಷ್ಟಿಯಾಗುತ್ತೆ. ಹೋಗಿ ಊಟ ಮಾಡು" ಎಂದಳು ಅಕ್ಕ.

ಎದ್ದು ಹೋದ. ತಟ್ಟೆ ಹಿಡಿದು ಬಂದು, ದೀಪ ಕಾಣುವ ಹಾಗೆ ಹೊಸ್ತಿಲಲ್ಲೇ ಕೂತು ಉಂಡ.