ಎತ್ತಿ ಹಿಡಿದ ಗದ್ದ

ರಾಜಾಜಿನಗರದಲ್ಲಿ ಮನೆಗಳು ಆಗಷ್ಟೇ ಏಳುತ್ತಿದ್ದ ಕಾಲ. ಕ್ಷೌರದ ಪೆಟ್ಟಿಗೆ ಹಿಡಿದು ಕೆಲಸಕ್ಕೆ ಹೊರಟಿದ್ದೆ. ದಾರಿಯಲ್ಲಿ, ಕಲ್ಲು ತಂದಿದ್ದ ಗಾಡಿಯವನೊಬ್ಬ ಬಿಸಿಲಿಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಅಲುಗಾಡಿಸಿದರೂ ಏಳಲಿಲ್ಲ. ಯಾರೋ ಪಾಪ, ತಲೆಯ ಕೆಳಗೆ ಗೋಣಿಚೀಲ ಮಡಿಸಿ ದಪ್ಪಗೆ ಇಟ್ಟಿದ್ದರು. ಗದ್ದ ಎದೆಗೆ ಒತ್ತಿಕೊಂಡು ಗೊರಗೊರ ಸದ್ದು ಬರುತ್ತಿತ್ತು.

"ಗೊರಕೆ ಹೊಡೀತಾ ಇದಾನೆ, ಮಲಗಲಿ ಬಿಡಿ," ಎಂದರು ಅಲ್ಲಿ ಮನೆ ಕಟ್ಟಿಸುತ್ತಿದ್ದ ಯಜಮಾನರು.

ಅಷ್ಟರಲ್ಲಿ ಆ ಸದ್ದೂ ನಿಂತಿತು. ಎದೆ ಒದ್ದಾಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ನಾನು ಪೆಟ್ಟಿಗೆ ಇಟ್ಟು ಅವನ ತಲೆಯ ಹತ್ತಿರ ಕೂತೆ. ಯಜಮಾನರು ರೇಗಿದರು. "ಜೀವ ಇನ್ನೂ ಹೋಗಿಲ್ಲ, ಆಗಲೇ ಕ್ಷೌರಕ್ಕೆ ಕೂತ್ಯಾ?"

ಹೆಣಕ್ಕೂ ನಾವೇ ಕ್ಷೌರ ಮಾಡಬೇಕಲ್ಲ, ಅವರ ಯೋಚನೆ ಅಲ್ಲಿಗೆ ಹೋಗಿತ್ತು. ನನಗೆ ವೈದ್ಯವೇನೂ ಗೊತ್ತಿಲ್ಲ. ಆ ಬಗ್ಗಿದ ಗದ್ದ ನೋಡಿ ಕೈ ಸುಮ್ಮನಿರಲಿಲ್ಲ, ಅಷ್ಟೇ. ಗೋಣಿ ಎಳೆದುಹಾಕಿದೆ. ಒಂದು ಕೈ ಹಣೆಯ ಮೇಲಿಟ್ಟು, ಇನ್ನೊಂದರ ಬೆರಳಿಂದ ಗದ್ದದ ಮೂಳೆ ಎತ್ತಿ, ಗಂಟಲ ಮೇಲೆ ಕತ್ತಿ ಆಡಿಸುವಾಗ ಮಾಡುವಂತೆ ತಲೆಯನ್ನು ಹಿಂದಕ್ಕೆ ವಾಲಿಸಿದೆ.

ಒಳಗೆಲ್ಲೋ ಬಾಗಿಲು ತೆಗೆದ ಹಾಗೆ ಉಸಿರು ಒಳಗೆ ಹೋಯಿತು. ಆಮೇಲೆ ಬಿಸಿಯಾಗಿ ನನ್ನ ಮುಂಗೈಗೆ ತಾಕಿತು. ಎಷ್ಟೋ ಗಂಟಲು ಮುಟ್ಟಿದ್ದೇನೆ. ಜೀವ ಓಡಾಡುವ ದಾರಿ ಅದು ಎಂದು ಕೈಗೆ ತಿಳಿದದ್ದು ಆವತ್ತೇ. ಯಜಮಾನರು ಹೆಗಲ ವಸ್ತ್ರ ತೆಗೆದು ಗಾಳಿ ಬೀಸತೊಡಗಿದರು.

ಗದ್ದ ಬಿಡದೆ ಹಿಡಿದೇ ಇದ್ದೆ. ಕೊನೆಗೆ ಅವನು ಕಣ್ಣು ಬಿಟ್ಟ. ತಲೆಕೆಳಗಾಗಿ ಕಂಡ ನನ್ನ ಮುಖವನ್ನೂ ಪಕ್ಕದ ಪೆಟ್ಟಿಗೆಯನ್ನೂ ನೋಡಿ, ಕೈಯನ್ನು ಮೂಗಿನ ಕೆಳಗೆ ತಂದುಕೊಂಡ.

"ಮೀಸೆ ಮುಟ್ಬೇಡಪ್ಪ," ಎಂದ.